ತಾಮ್ರಕ್ಕ ಬೆಂಕಿ ತೋರಿಸ್ರಿ: ಮುತ್ಯಾನ ಟ್ರ್ಯಾಕ್ಟರ್ ಮತ್ತು ಒಂದು ಹೆಡ್ ಪ್ಯಾಕಿಂಗ್

ಸ್ಟೀಲನ್ನ ಕೆಂಪಗೆ ಕಾಸಿ ನೀರಲ್ಲಿ ಅದ್ದಿದ್ರೆ ಏನಾಗುತ್ತೆ? ಗಟ್ಟಿಯಾಗುತ್ತೆ. ಇದು ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ಕೂತಿರೋ ಎಲ್ಲರಿಗೂ ಗೊತ್ತು. ಹಾಗಾದ್ರೆ ತಾಮ್ರನ ಕೆಂಪಗೆ ಕಾಸಿ ನೀರಲ್ಲಿ ಅದ್ದಿದ್ರೆ?

ಹೋದ ದಸರಾ ರಜೆಯಲ್ಲಿ ಈ ಎರಡನೇ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಎಕ್ಸಾಮಲ್ಲಿ ಕೊಟ್ಟಿದ್ರೆ ಎರಡು ಮಾರ್ಕ್ಸ್ ಹೋಗ್ತಿತ್ತು ಅಷ್ಟೇ. ಆದ್ರೆ ನಾನು ಕೊಟ್ಟಿದ್ದು ನಮ್ಮೂರು ಕಾಖಂಡಕಿಯಲ್ಲಿ, ಬಿಚ್ಚಿಟ್ಟ ಟ್ರ್ಯಾಕ್ಟರ್ ಮುಂದೆ ನಿಂತು, ಬಿತ್ತಿಗೆ ದಿನಗಳಲ್ಲಿ. ಅದಕ್ಕೇ ಈ ಲೇಖನ. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಬರೆಯೋ ಭಾಷೆ, ಮಾತಾಡೋ ಭಾಷೆ ಇಲ್ಲಿ ಕಲಸಿ ಹೋಗಿದ್ರೆ ಕ್ಷಮಿಸಿ.)

ಮೊದಲು ಟ್ರ್ಯಾಕ್ಟರ್ ಪರಿಚಯ

ಕಾಖಂಡಕಿ ಅಂದ್ರೆ ವಿಜಯಪುರ ಜಿಲ್ಲೆ, ಬಬಲೇಶ್ವರ ತಾಲೂಕು. ಹರಿದಾಸ ಸಾಹಿತ್ಯ ಓದಿದವರಿಗೆ ಮಹಿಪತಿದಾಸರ ಊರು ಅಂತ ಗೊತ್ತಿರುತ್ತೆ. ನಮ್ಮ ಕಡೆಯ ಹುಡುಗರಿಗೆ ಕಾರ ಹುಣ್ಣಿಮೆ ಆದಮೇಲೆ ಎತ್ತು ಹೋರಿ ಓಡಿಸೋ ಊರು ಅಂತ ಗೊತ್ತು. ಎರೆ ಭೂಮಿ, ಹಿಂಗಾರಿ ಜೋಳ. ಸೆಪ್ಟೆಂಬರ್-ಅಕ್ಟೋಬರಲ್ಲಿ ನೆಲದ ಹಸಿ ಆರೋದರೊಳಗೆ ಬಿತ್ತಬೇಕು. ಎರಡು ದಿನ ತಡ ಆದ್ರೂ ಮನೆಯಲ್ಲಿ ಯಾರ ಮುಖದಲ್ಲೂ ನಗು ಇರಲ್ಲ.

ನಮ್ಮ ಮುತ್ಯಾನ ಟ್ರ್ಯಾಕ್ಟರ್ ಎಚ್‌ಎಂಟಿ 2511. 25 ಎಚ್‌ಪಿ, ಎರಡು ಸಿಲಿಂಡರ್. ಎಚ್‌ಎಂಟಿ ಅಂದ್ರೆ ನಮಗೆಲ್ಲ ವಾಚ್ ನೆನಪಾಗುತ್ತೆ, ಆದ್ರೆ 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಕೂಡ ಮಾಡ್ತಿತ್ತು. ಡಿಸೈನ್ ಆಗಿನ ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿದು. 2016ರಲ್ಲಿ ಕೇಂದ್ರ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚೋ ತೀರ್ಮಾನ ಮಾಡಿತು. ಅಂದ್ರೆ ಈಗ ಇಂಥ ಗಾಡಿಗೆ ಸಾಮಾನು ಬೇಕಾದ್ರೆ ಹುಡುಕಬೇಕು, ಇಲ್ಲಾ ಕೈಯಿಂದ ಮಾಡ್ಕೋಬೇಕು.

ರಜೆಗೆ ಹೋದಾಗ ಟ್ರ್ಯಾಕ್ಟರ್ ಬೇವಿನ ಮರದ ಕೆಳಗೆ ನಿಂತಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ್ರೆ ನೀರಲ್ಲಿ ಗುಳ್ಳೆ ಕುದಿಯೋ ಹಾಗೆ ಬರ್ತಿತ್ತು. ಸೈಲೆನ್ಸರಿಂದ ಬಿಳಿ ಹೊಗೆ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಮೇಲೆ ಹಾಲು ಹಾಕಿದ ಚಹಾದ ಬಣ್ಣ. ಈ ಮೂರೂ ಒಟ್ಟಿಗೆ ಕಂಡ್ರೆ ಮೊದಲು ಅನುಮಾನ ಪಡಬೇಕಾದ್ದು ಹೆಡ್ ಗ್ಯಾಸ್ಕೆಟ್ ಮೇಲೆ. ನಮ್ಮ ಕಡೆ ಅದನ್ನ ಹೆಡ್ ಪ್ಯಾಕಿಂಗ್ ಅಂತಾರೆ.

ಕಾಕಾ ಹೇಳಿದ್ದು ಒಂದೇ ಮಾತು: "ಗುಜರಿಗೆ ಹಾಕೂಣು. ಬಾಡಿಗಿ ಟ್ರ್ಯಾಕ್ಟರ್ ತಂದು ಬಿತ್ತೂಣು." ಮುತ್ಯಾ ಏನೂ ಅನ್ನಲಿಲ್ಲ. ಎದ್ದು ಹೋಗಿ ಮಿಸ್ತ್ರಿಯನ್ನ ಕರ್ಕೊಂಡು ಬಂದ.

ಹೆಡ್ ಪ್ಯಾಕಿಂಗ್ ಮಾಡೋ ಕೆಲಸ ಎಷ್ಟು ದೊಡ್ಡದು?

ಎಂಜಿನ್ ಬ್ಲಾಕ್ ಒಂದು ತುಂಡು, ಅದರ ಮೇಲೆ ಕೂರೋ ಹೆಡ್ ಇನ್ನೊಂದು ತುಂಡು. ನಡುವೆ ಮೂರು ವಸ್ತು ಓಡಾಡುತ್ತೆ: ಸಿಲಿಂಡರಿನಲ್ಲಿ ಉರಿಯೋ ಗ್ಯಾಸ್, ತಂಪು ಮಾಡೋ ನೀರು, ಎಣ್ಣೆ. ಒಂದಕ್ಕೊಂದು ಸೇರದ ಹಾಗೆ ತಡೀಬೇಕು. ಎರಡೂ ಲೋಹದ ಮುಖ ಎಷ್ಟೇ ನುಣುಪಾಗಿದ್ರೂ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗುಡ್ಡ-ಕಣಿವೆ. ಆ ಕಣಿವೆ ತುಂಬೋಕೆ ನಡುವೆ ಮೆತ್ತಗಿನ ಒಂದು ಪದರ ಬೇಕು.

ನಾನು ವರ್ನಿಯರ್ ಹಿಡಿದು ಬೋರ್ ಅಳೆದೆ: 95 ಮಿ.ಮೀ. ಅಂದ್ರೆ ಏರಿಯಾ ಸುಮಾರು 71 ಚದರ ಸೆಂ.ಮೀ. ಡೀಸೆಲ್ ಎಂಜಿನಲ್ಲಿ ಉರಿಯೋ ಹೊತ್ತಿನ ಪೀಕ್ ಪ್ರೆಶರ್ ಲೆಕ್ಕಕ್ಕೆ 70 ಬಾರ್ ಅಂತ ಇಟ್ಕೊಳ್ಳಿ. ಗುಣಿಸಿದ್ರೆ ಸುಮಾರು 50 ಕಿಲೋನ್ಯೂಟನ್. ಅಂದ್ರೆ 5 ಟನ್! ಒಂದೊಂದು ಸಲ ಡೀಸೆಲ್ ಉರಿದಾಗಲೂ ಹೆಡ್ಡನ್ನ 5 ಟನ್ ಬಲ ಮೇಲಕ್ಕೆ ಎತ್ತೋಕೆ ನೋಡುತ್ತೆ. 1500 ಆರ್‌ಪಿಎಂನಲ್ಲಿ ಓಡೋ ಫೋರ್ ಸ್ಟ್ರೋಕ್ ಎಂಜಿನಲ್ಲಿ ಇದು ಒಂದು ಸಿಲಿಂಡರಿಗೆ ನಿಮಿಷಕ್ಕೆ 750 ಸಲ.

ಇದನ್ನ ತಡೆಯೋದು ಬೋಲ್ಟುಗಳು. ಪ್ಯಾಕಿಂಗ್ ಸೀಲ್ ಆಗಿ ಉಳೀಬೇಕಾದ್ರೆ ಗ್ಯಾಸ್ ಎತ್ತೋ ಬಲಕ್ಕಿಂತ ಬಹಳ ಜಾಸ್ತಿ ಒತ್ತಿ ಹಿಡೀಬೇಕು. ಮೂರು ಪಟ್ಟು ಅಂತ ಇಟ್ಕೊಂಡು, ಒಂದು ಸಿಲಿಂಡರಿನ ಪಾಲಿಗೆ ಆರು ಬೋಲ್ಟ್ ಅಂದ್ಕೊಂಡ್ರೆ, ಒಂದೊಂದು ಬೋಲ್ಟ್ ಎರಡೂವರೆ ಟನ್ ಎಳೀಬೇಕು. ಮಷೀನ್ ಡಿಸೈನಲ್ಲಿ ಬರೋ ಫಾರ್ಮುಲಾ ನೆನಪಿದ್ಯಾ? ಟಾರ್ಕ್ ಅಂದ್ರೆ ಸುಮಾರು 0.2 ಗುಣಿಸು ಬೋಲ್ಟ್ ವ್ಯಾಸ ಗುಣಿಸು ಎಳೆಯೋ ಬಲ. 12 ಮಿ.ಮೀ. ಬೋಲ್ಟಿಗೆ ಸುಮಾರು 60 ನ್ಯೂಟನ್-ಮೀಟರ್ ಬರುತ್ತೆ. ಇದು ವಿಷಯ ಅರ್ಥ ಆಗಲಿ ಅಂತ ಮಾಡಿದ ಲೆಕ್ಕ. ನಿಜವಾಗಿ ಬಿಗಿಯೋವಾಗ ಆಯಾ ಎಂಜಿನಿನ ಪುಸ್ತಕದಲ್ಲಿರೋ ನಂಬರ್ ಹಿಡೀಬೇಕು.

ಹಳೇ ಪ್ಯಾಕಿಂಗ್ ತೆಗೆಯೋವಾಗ ಉಸಿರು ಹುಷಾರು

ಹೆಡ್ ಎತ್ತಿದ ತಕ್ಷಣ ಮಿಸ್ತ್ರಿ ಕಾಕಾ ವೈರ್ ಬ್ರಶ್ ತಗೊಂಡು ಹಳೇ ಪ್ಯಾಕಿಂಗ್ ತಿಕ್ಕೋಕೆ ಶುರು ಮಾಡಿದ್ರು. ಬೂದಿ ಬಣ್ಣದ ಪುಡಿ ಹಾರ್ತಿತ್ತು. ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅಂದ್ರೆ ಅದನ್ನ ನಿಲ್ಲಿಸಿದ್ದು.

ಹಳೇ ಕಾಲದ ಹೆಡ್ ಪ್ಯಾಕಿಂಗ್ ಬಹಳಷ್ಟು ಸ್ಯಾಂಡ್‌ವಿಚ್ ಥರ ಇರ್ತಿದ್ವು. ಮೇಲೆ ಕೆಳಗೆ ತೆಳು ತಾಮ್ರ ಇಲ್ಲಾ ಸ್ಟೀಲ್, ನಡುವೆ ಆಸ್ಬೆಸ್ಟಾಸ್. ಆಸ್ಬೆಸ್ಟಾಸ್ ಬಿಸಿ ತಡೆಯುತ್ತೆ, ಒತ್ತಿದ್ರೆ ಸ್ಪ್ರಿಂಗ್ ಥರ ವಾಪಸ್ ಬರುತ್ತೆ, ಅಗ್ಗ. ಆದ್ರೆ ಅದರ ಎಳೆಗಳು ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನ ಖಚಿತವಾಗಿ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಕಾಯಿಲೆ ಕಾಣಿಸ್ಕೊಳ್ಳೋದು 20-40 ವರ್ಷ ಆದಮೇಲೆ. ಅದಕ್ಕೇ ಯಾರಿಗೂ ಪ್ಯಾಕಿಂಗ್ ಮೇಲೆ ಅನುಮಾನ ಬರಲ್ಲ.

ಹಳೇ ಪ್ಯಾಕಿಂಗ್ ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ರೆ ಆಸ್ಬೆಸ್ಟಾಸ್ ಇದೆ ಅಂತಲೇ ಅಂದ್ಕೊಳ್ಳಿ. ನೀರು ಚಿಮುಕಿಸಿ ಪೂರ್ತಿ ಒದ್ದೆ ಮಾಡಿ. ವೈರ್ ಬ್ರಶ್, ಗ್ರೈಂಡರ್, ಗಾಳಿ ಹೊಡೆಯೋದು ಮೂರೂ ಬೇಡ. ಮೊಂಡ ಪಟ್ಟಿಯಿಂದ ಮೆಲ್ಲಗೆ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮುಖಕ್ಕೆ ಕರ್ಚೀಫ್ ಸಾಕಾಗಲ್ಲ, ಸರಿಯಾದ ಫಿಲ್ಟರ್ ಮಾಸ್ಕ್ ಬೇಕು. ಮಿಸ್ತ್ರಿ ಕಾಕಾ ನಕ್ರು: "ಮೂವತ್ತ್ ವರ್ಷ ಆತು ಯವ್ವಾ, ಇದನ್ನ ಕುಡದೇ ಬೆಳದೀವಿ." ಆದ್ರೂ ನೀರು ತರ್ಸಿದ್ರು. ಆ ನಗು ಈಗಲೂ ನನಗೆ ಸಮಾಧಾನ ಕೊಟ್ಟಿಲ್ಲ.

ತಾಮ್ರ ಯಾಕೆ?

ಅಂಗಡಿಯಲ್ಲಿ ಸಿಕ್ಕ ಪ್ಯಾಕಿಂಗ್ ನಮ್ಮ ಬ್ಲಾಕಿನ ಮೇಲೆ ಇಟ್ಟು ನೋಡಿದ್ರೆ ಎರಡು ನೀರಿನ ತೂತು ಕೂಡ್ತಿರಲಿಲ್ಲ. ಮಿಸ್ತ್ರಿ ಕಾಕಾ "ತಾಮ್ರದ ತಗಡ ತರ್ರಿ, ನಾನs ಕಡೀತೀನಿ" ಅಂದ್ರು.

ತಾಮ್ರದ ಗುಣಗಳು ಇಲ್ಲಿ ಕೆಲಸಕ್ಕೆ ಬರುತ್ತೆ. 1085 ಡಿಗ್ರಿವರೆಗೆ ಕರಗಲ್ಲ. ಶಾಖ ಸಾಗಿಸೋದರಲ್ಲಿ ಬೀಡು ಕಬ್ಬಿಣಕ್ಕಿಂತ ಏಳೆಂಟು ಪಟ್ಟು ಜೋರು, ಹಾಗಾಗಿ ಒಂದೇ ಕಡೆ ಬಿಸಿ ನಿಲ್ಲಲ್ಲ. ಸ್ಯಾಂಡ್‌ವಿಚ್ ಪ್ಯಾಕಿಂಗ್ ಸುಟ್ಟು ಎರಡು ಸಿಲಿಂಡರ್ ನಡುವಿನ ಕಿರಿದಾದ ಜಾಗದಲ್ಲಿ ಹರಿದು ಹೋಗುತ್ತಲ್ಲ, ಅಲ್ಲಿ ಇಡೀ ತಾಮ್ರದ ತಗಡು ಸುಲಭಕ್ಕೆ ಹರಿಯಲ್ಲ. ಎಲ್ಲಕ್ಕಿಂತ ಮುಖ್ಯ, ಒಂದೇ ತಗಡನ್ನ ಮತ್ತೆ ಮೆತ್ತಗೆ ಮಾಡಿ ಮತ್ತೆ ಬಳಸಬಹುದು.

ಹಾಗಾದ್ರೆ ಕಂಪನಿಗಳು ಯಾಕೆ ಬಿಟ್ವು? ತಾಮ್ರಕ್ಕೆ ಸ್ಪ್ರಿಂಗ್ ಗುಣ ಕಮ್ಮಿ. ಒತ್ತಿದ್ರೆ ಒತ್ತಿದಲ್ಲೇ ಕೂರುತ್ತೆ, ವಾಪಸ್ ಏಳಲ್ಲ. ಹೆಡ್ ಸ್ವಲ್ಪ ಬಾಗಿದ್ರೂ ಆ ಸಂದು ತುಂಬಲ್ಲ. ಬಿಸಿ-ತಣ್ಣಗೆ ಆದಮೇಲೆ ಬೋಲ್ಟ್ ಮತ್ತೆ ಬಿಗಿಯಬೇಕು. ಈಗಿನ ಗಾಡಿಗಳಲ್ಲಿ ಬರೋ ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ತಾನೇ ಸ್ಪ್ರಿಂಗ್ ಥರ ಕೆಲಸ ಮಾಡುತ್ತೆ, ಒಂದು ಸಲ ಹಾಕಿದ್ರೆ ಮರೆತುಬಿಡಬಹುದು.

ದಪ್ಪ ಎಷ್ಟಿರಬೇಕು? ಇದೇ ಅಸಲಿ ಪ್ರಶ್ನೆ

"ದಪ್ಪ ಹಾಕಿದ್ರೆ ಗಟ್ಟಿ" ಅಂತ ಎಷ್ಟೋ ಜನ ನಂಬಿದ್ದಾರೆ. ಎರಡು ಪ್ಯಾಕಿಂಗ್ ಒಂದರ ಮೇಲೊಂದು ಹಾಕೋರೂ ಇದ್ದಾರೆ. ಅದು ಎಂಜಿನಿಗೆ ಏನು ಮಾಡುತ್ತೆ ಅಂತ ಲೆಕ್ಕ ಹಾಕೋಣ.

ಬೋರ್ 95, ಸ್ಟ್ರೋಕ್ 110 ಮಿ.ಮೀ. ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ 780 ಸಿಸಿ. ಕಂಪ್ರೆಶನ್ ರೇಶಿಯೋ ಲೆಕ್ಕಕ್ಕೆ 17 ಅಂತ ಇಟ್ಕೊಳ್ಳೋಣ. ಆಗ ಕ್ಲಿಯರೆನ್ಸ್ ವಾಲ್ಯೂಮ್ 780 ಭಾಗಿಸು 16, ಅಂದ್ರೆ 48.7 ಸಿಸಿ. ಇಷ್ಟೇ. ಒಂದು ಸಣ್ಣ ಚಹಾ ಕಪ್ಪಿನಷ್ಟೂ ಇಲ್ಲ.

ಈಗ ಪ್ಯಾಕಿಂಗ್ ಅರ್ಧ ಮಿ.ಮೀ. ದಪ್ಪ ಆಯ್ತು ಅನ್ನಿ. 71 ಚದರ ಸೆಂ.ಮೀ. ಮೇಲೆ ಅರ್ಧ ಮಿ.ಮೀ. ಅಂದ್ರೆ 3.5 ಸಿಸಿ ಜಾಸ್ತಿ. ರೇಶಿಯೋ 17ರಿಂದ 15.9ಕ್ಕೆ ಇಳಿಯಿತು. 1.4 ಮಿ.ಮೀ. ಪ್ಯಾಕಿಂಗ್ ಇನ್ನೊಂದು ಹಾಕಿದ್ರೆ? ಸುಮಾರು 10 ಸಿಸಿ ಜಾಸ್ತಿ, ರೇಶಿಯೋ 14.3!

ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಯೇ ಬೆಂಕಿಕಡ್ಡಿ. 27 ಡಿಗ್ರಿ ಗಾಳಿಯನ್ನ 17 ಪಟ್ಟು ಒತ್ತಿದ್ರೆ, ಪಾಲಿಟ್ರಾಪಿಕ್ ಇಂಡೆಕ್ಸ್ 1.35 ಹಿಡಿದು, ಸುಮಾರು 535 ಡಿಗ್ರಿ ಬರುತ್ತೆ. 14.3 ಪಟ್ಟು ಒತ್ತಿದ್ರೆ ಸುಮಾರು 490. ಹತ್ತಿರ ಹತ್ತಿರ 50 ಡಿಗ್ರಿ ನಷ್ಟ. ಹೊಸ ಎಂಜಿನ್ ಆದ್ರೆ ಹೇಗೋ ನಡೆಯುತ್ತೆ. ರಿಂಗ್ ಸವೆದು ಅರ್ಧ ಗಾಳಿ ಸೋರೋ ಹಳೇ ಎಂಜಿನ್, ಡಿಸೆಂಬರ್ ಬೆಳಿಗ್ಗೆ, ಬ್ಯಾಟರಿ ವೀಕು. ಸ್ಟಾರ್ಟ್ ಆಗಲ್ಲ. ಆಮೇಲೆ "ಪಂಪ್ ಕೆಟ್ಟೈತಿ, ನಾಜಲ್ ಕೆಟ್ಟೈತಿ" ಅಂತ ದುಡ್ಡು ಸುರೀತಾರೆ.

ತೀರಾ ತೆಳು ಹಾಕಿದ್ರೆ ಇನ್ನೂ ಕೆಟ್ಟದ್ದು: ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತೆ.

ಅದಕ್ಕೇ ಮಿಸ್ತ್ರಿ ಕಾಕಾ ಮಾಡಿದ ಉಪಾಯ ನೋಡಿ. ಬೆಸುಗೆ ಹಾಕೋ ಸೀಸದ ತಂತಿಯ ತುಂಡುಗಳನ್ನ ಪಿಸ್ಟನ್ ಮೇಲೆ ಗ್ರೀಸ್ ಹಚ್ಚಿ ಅಂಟಿಸಿದ್ರು. ಹಳೇ ಪ್ಯಾಕಿಂಗ್ ಇಟ್ಟು ಹೆಡ್ ಬಿಗಿದು, ಕೈಯಿಂದ ಎಂಜಿನ್ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದ್ರು. ತಂತಿ ಎಷ್ಟು ಚಪ್ಪಟೆ ಆಗಿದೆಯೋ ಅಷ್ಟೇ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಜಾಗ. ಅಳೆದ್ರೆ 1 ಮಿ.ಮೀ. ಹಳೇ ಪ್ಯಾಕಿಂಗ್ ಒತ್ತಿ ಕೂತ ಜಾಗದಲ್ಲಿ 1.4 ಮಿ.ಮೀ. ಇತ್ತು.

ತಗಡು ಅಂಗಡಿಯಲ್ಲಿ ಸಿಗೋದು ಗೇಜ್ ಲೆಕ್ಕದಲ್ಲಿ. 18 ಗೇಜ್ ಅಂದ್ರೆ 1.22 ಮಿ.ಮೀ., 16 ಗೇಜ್ ಅಂದ್ರೆ 1.63. ನಂಬರ್ ಇಳಿದ್ರೆ ದಪ್ಪ ಏರುತ್ತೆ, ಮರೀಬೇಡಿ. ನಾವು 16 ಗೇಜ್ ತಗೊಂಡ್ವಿ. ರೇಶಿಯೋ 17ರಿಂದ 16.5ಕ್ಕೆ ಇಳಿಯುತ್ತೆ, ಪಿಸ್ಟನ್ ಬಡಿಯೋ ಭಯ ಇಲ್ಲ. ಅರ್ಧ ಪಾಯಿಂಟ್ ಕೊಟ್ಟು ನೆಮ್ಮದಿ ಕೊಂಡ್ವಿ.

ನಾನು ಮಾಡಿದ ತಪ್ಪು

ಹಳೇ ಪ್ಯಾಕಿಂಗನ್ನ ತಗಡಿನ ಮೇಲಿಟ್ಟು ಗುರುತು ಹಾಕಿ, ತೂತು ಕೊರೆದು, ಅಂಚು ಫೈಲ್ ಮಾಡಿ, ಸುತ್ತಿಗೆಯಿಂದ ತಟ್ಟಿ ಸಪಾಟು ಮಾಡಿದ್ವಿ. ಆಮೇಲೆ ಮಿಸ್ತ್ರಿ ಕಾಕಾ ಗ್ಯಾಸ್ ಹಚ್ಚಿಸಿ, "ಈಗ ಕಾಸಿ ನೀರಾಗ ಅದ್ದೂಣು" ಅಂದ್ರು.

ನಾನು ನಡುವೆ ಬಂದೆ. "ಬ್ಯಾಡ್ರಿ ಕಾಕಾ, ನೀರಾಗ ಅದ್ದಿದ್ರ ಗಟ್ಟಿ ಆಗತೈತಿ. ನಮ್ಮ ಕಾಲೇಜಿನಾಗ ಮೊನ್ನೆ ಹೇಳ್ಯಾರ." ಅವರು ನನ್ನ ಮುಖ ನೋಡಿದ್ರು, ಮುತ್ಯಾನ ಮುಖ ನೋಡಿದ್ರು. ಮುತ್ಯಾ ಹೆಮ್ಮೆಯಿಂದ "ಓದಾಕತ್ತಾಳ ಅಕಿ, ಹೇಳಿದಂಗ ಮಾಡ್ರಿ" ಅಂದ. ಕಾಸದೇ ಹಾಗೇ ಹಾಕಿದ್ವಿ.

ಮೊದಲ ದಿನ ಚೆನ್ನಾಗಿ ಓಡಿತು. ಮೂರನೇ ದಿನ ಹೊಲದ ನಡುವೆ ರೇಡಿಯೇಟರಲ್ಲಿ ಮತ್ತೆ ಗುಳ್ಳೆ.

ಏನಾಗಿತ್ತು? ತಾಮ್ರದ ಅಣುಗಳು ಎಫ್‌ಸಿಸಿ ಜೋಡಣೆಯಲ್ಲಿ ಇರುತ್ತೆ. ಬಡಿದಾಗ, ಬಾಗಿಸಿದಾಗ ಒಳಗೆ ಡಿಸ್ಲೊಕೇಶನ್‌ಗಳು ಹೆಚ್ಚಾಗಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತೆ, ಲೋಹ ಗಟ್ಟಿಯಾಗುತ್ತೆ. ಇದೇ ವರ್ಕ್ ಹಾರ್ಡನಿಂಗ್. ಹಾಳೆಯಾಗಿ ಎಳೆದು ಬರೋ ತಗಡು ಮೊದಲೇ ಅರ್ಧ ಗಟ್ಟಿ, ನಾವು ಸುತ್ತಿಗೆಯಿಂದ ತಟ್ಟಿ ಇನ್ನೂ ಗಟ್ಟಿ ಮಾಡಿದ್ವಿ. ಮೆತ್ತಗಿನ ತಾಮ್ರ ವಿಕರ್ಸ್ ಹಾರ್ಡ್‌ನೆಸ್‌ನಲ್ಲಿ 50ರ ಆಸುಪಾಸು ಇದ್ರೆ, ಗಟ್ಟಿ ತಾಮ್ರ 100 ದಾಟುತ್ತೆ. ಗಟ್ಟಿ ತಗಡು ಹೆಡ್ಡಿನ ಸಣ್ಣ ಕಣಿವೆಗಳಿಗೆ ಇಳಿಯಲ್ಲ. ಅಲ್ಲಿಂದ ಗ್ಯಾಸ್ ದಾರಿ ಮಾಡ್ಕೊಂಡಿತು.

ಸ್ಟೀಲ್ ನೀರಲ್ಲಿ ಗಟ್ಟಿಯಾಗೋದು ಯಾಕೆ ಅಂತ ನಾನು ಆವತ್ತು ಕೇಳ್ಕೊಂಡಿದ್ರೆ ಸಾಕಿತ್ತು. ಬಿಸಿ ಸ್ಟೀಲಿನ ಆಸ್ಟೆನೈಟ್‌ನಲ್ಲಿ ಕಾರ್ಬನ್ ಕರಗಿರುತ್ತೆ. ಥಟ್ಟನೆ ತಣ್ಣಗಾದ್ರೆ ಹೊರಗೆ ಬರೋಕೆ ಅದಕ್ಕೆ ಟೈಮ್ ಸಿಗಲ್ಲ, ಮಾರ್ಟೆನ್ಸೈಟ್ ಆಗುತ್ತೆ. ಶುದ್ಧ ತಾಮ್ರದಲ್ಲಿ ಹಾಗೆ ಸಿಕ್ಕಿಹಾಕಿಕೊಳ್ಳೋ ಕಾರ್ಬನ್ನೂ ಇಲ್ಲ, ಬದಲಾಗೋ ಫೇಸೂ ಇಲ್ಲ. ಕಾಸಿದಾಗ ಹೊಸ ಗ್ರೇನುಗಳು ಹುಟ್ಟಿ ಹಳೇ ಸಿಕ್ಕೆಲ್ಲ ಬಿಡಿಸಿಕೊಳ್ಳುತ್ತೆ. ಮೆತ್ತಗಾಗೋದು ಕಾಸಿದಾಗಲೇ. ಆಮೇಲೆ ನೀರಲ್ಲಿ ಅದ್ದಿದ್ರೂ ಅಷ್ಟೇ, ಗಾಳಿಯಲ್ಲಿ ಬಿಟ್ರೂ ಅಷ್ಟೇ. ನೀರಲ್ಲಿ ಅದ್ದಿದ್ರೆ ಮೇಲಿನ ಕರಿ ಪೊರೆ ಸಿಡಿದು ಬೀಳುತ್ತೆ, ಅದೊಂದು ಲಾಭ.

ತಾಮ್ರದ ಹಂಡೆ ಬಡಿಯೋ ಕುಶಲಕರ್ಮಿಗಳಿಗೆ ಇದು ತಲೆತಲಾಂತರದಿಂದ ಗೊತ್ತು. ಸ್ವಲ್ಪ ಬಡಿದು, ಗಟ್ಟಿ ಅನಿಸಿದ ಕೂಡಲೇ ಬೆಂಕಿಗೆ ಇಟ್ಟು ಮೆತ್ತಗೆ ಮಾಡ್ಕೊಂಡು ಮತ್ತೆ ಬಡೀತಾರೆ. ಇಲ್ಲದಿದ್ರೆ ಹಂಡೆ ಸೀಳುತ್ತೆ. ನಮ್ಮ ಮನೆಯ ಬಚ್ಚಲಲ್ಲೇ ಅಂಥ ಹಂಡೆ ಇದೆ. ನಾನು ಹುಟ್ಟಿದಾಗಿಂದ ಅದರ ನೀರಲ್ಲೇ ಸ್ನಾನ ಮಾಡಿದ್ದೀನಿ.

ಎರಡನೇ ಸಲ ಹೆಡ್ ಬಿಚ್ಚೋವಾಗ ನಾನು ಮಿಸ್ತ್ರಿ ಕಾಕಾಗೆ "ತಪ್ಪು ನಂದರಿ" ಅಂದೆ. ಅವರು ಪಾನಾ ಕೆಳಗಿಡದೇ ಹೇಳಿದ್ರು: "ಬಿಡ ಯವ್ವಾ. ತಾಮ್ರಕ್ಕ ಬೆಂಕಿ ತೋರಿಸ್ಲಿಲ್ಲ ಅಷ್ಟ."

ಎರಡನೇ ಸಲ ಮಾಡಿದ ರೀತಿ

ಮೊದಲು ಹೆಡ್ ಸಪಾಟಿದೆಯಾ ನೋಡಿದ್ವಿ. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದ್ರೆ ಎರಡು ಸಿಲಿಂಡರ್ ನಡುವೆ 0.15 ಮಿ.ಮೀ. ಒಳಗೆ ಹೋಯ್ತು. ತಾಮ್ರ ಹಾಕಬೇಕಾದ್ರೆ 0.05ರ ಫೀಲರ್ ಕೂಡ ಹೋಗಬಾರದು. ಹೆಡ್ಡನ್ನ ವಿಜಯಪುರಕ್ಕೆ ಒಯ್ದು ಫೇಸ್ ಹೊಡೆಸಿದ್ವಿ. ವೆಟ್ ಲೈನರ್ ಇರೋ ಎಂಜಿನಲ್ಲಿ ಲೈನರಿನ ಕಾಲರ್ ಬ್ಲಾಕಿಗಿಂತ ಕೂದಲೆಳೆಯಷ್ಟು ಮೇಲಿರಬೇಕು, ಎಲ್ಲ ಲೈನರಿಗೂ ಒಂದೇ ಸಮ. ಒಂದು ತಗ್ಗಿದ್ರೆ ಎಂಥ ಪ್ಯಾಕಿಂಗ್ ಹಾಕಿದ್ರೂ ಅಲ್ಲೇ ಸೋರುತ್ತೆ.

ಹೊಸ ತಗಡು ಕಡಿಯೋವಾಗ ಎರಡು ಪ್ಲೈವುಡ್ ಹಲಗೆ ನಡುವೆ ಬಿಗಿದು ಡ್ರಿಲ್ ಮಾಡಿದ್ವಿ. ಬರೀ ತಾಮ್ರ ಆದ್ರೆ ಡ್ರಿಲ್ ಬಿಟ್ಟನ್ನ ಕಚ್ಚಿ ಗರಗರ ತಿರುಗಿ ಕೈ ಕೊಯ್ಯುತ್ತೆ. ಸಿಲಿಂಡರ್ ತೂತು ಬೋರಿಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ. ಅಂಚು ಬೆಂಕಿಯೊಳಗೆ ಚಾಚಿದ್ರೆ ಅದು ಕೆಂಡದ ಹಾಗೆ ಕಾಯುತ್ತೆ.

ಕಾಸೋದು ಸಂಜೆ ಇಟ್ಕೊಂಡ್ವಿ. ತಾಮ್ರಕ್ಕೆ ಬೇಕಾದ್ದು ಮಬ್ಬು ಕೆಂಪು, ಸುಮಾರು 600-650 ಡಿಗ್ರಿ. ಮಧ್ಯಾಹ್ನದ ಬಿಸಿಲಲ್ಲಿ ಆ ಕೆಂಪು ಕಾಣಲ್ಲ, ಕಾಣೋ ಹೊತ್ತಿಗೆ ಜಾಸ್ತಿ ಕಾಸಿರ್ತೀವಿ. ತಗಡನ್ನ ಸಪಾಟಾದ ಇಟ್ಟಂಗಿಗಳ ಮೇಲಿಟ್ಟು ಜ್ವಾಲೆಯನ್ನ ಆಡಿಸ್ತಾ ಇರಬೇಕು. ಗ್ಯಾಸ್ ಜಾಸ್ತಿ, ಆಕ್ಸಿಜನ್ ಕಮ್ಮಿ ಇರೋ ಜ್ವಾಲೆ ಬೇಡ. ಸಾಮಾನ್ಯ ತಾಮ್ರದಲ್ಲಿ ಸ್ವಲ್ಪ ಆಕ್ಸಿಜನ್ ಇರುತ್ತೆ, ಅಂಥ ಜ್ವಾಲೆಯ ಹೈಡ್ರೋಜನ್ ಒಳಗೆ ಹೋಗಿ ಅದರ ಜೊತೆ ಸೇರಿ ಹಬೆಯಾಗಿ ತಾಮ್ರವನ್ನ ಒಳಗಿಂದಲೇ ಬಿರುಕು ಬಿಡಿಸುತ್ತೆ. ಕಾಸಿದ ತಗಡನ್ನ ಇಕ್ಕಳದಲ್ಲಿ ಎರಡೂ ಕಡೆ ಹಿಡಿದು ಬಕೆಟ್ ನೀರಲ್ಲಿ ಅದ್ದಿದ್ವಿ. ಆಯಿ ಹುಣಸೆಹಣ್ಣು ಹಾಕಿ ದೇವರ ತಂಬಿಗೆ ತಿಕ್ಕೋ ಹಾಗೆ ತಿಕ್ಕಿ ಕೊಟ್ಟಳು. ಕೈಯಲ್ಲಿ ಹಿಡಿದ್ರೆ ಬಾಳೆ ಎಲೆ ಥರ ಬಾಗ್ತಿತ್ತು. ಮೊದಲನೆಯದು ಹೀಗಿರಲಿಲ್ಲ ಅಂತ ಆಗ ಗೊತ್ತಾಯ್ತು.

ನೀರಿನ ತೂತುಗಳ ಸುತ್ತ ತೆಳ್ಳಗೆ ಬಿಸಿ ತಡೆಯೋ ಸೀಲೆಂಟ್ ಹಚ್ಚಿದ್ವಿ. ಬೋರಿನ ಸುತ್ತ ಒತ್ತಡ ಜಾಸ್ತಿ, ತಾಮ್ರ ತಾನೇ ಕೂರುತ್ತೆ. ದೂರದ ನೀರಿನ ತೂತಿನ ಹತ್ರ ಒತ್ತಡ ಕಮ್ಮಿ, ಅಲ್ಲಿ ಸಹಾಯ ಬೇಕು. ನೀರೇ ಇಲ್ಲದ ಏರ್ ಕೂಲ್ಡ್ ಎಂಜಿನಲ್ಲಿ ಈ ತಾಪತ್ರಯ ಇಲ್ಲ, ತಾಮ್ರ ಹಾಕೋಕೆ ಅವು ಹೇಳಿ ಮಾಡಿಸಿದ ಹಾಗೆ.

ಟಾರ್ಕ್ ರೆಂಚ್ ಸಿಗಲಿಲ್ಲ. ಕಾಳು ತೂಗೋ ಸ್ಪ್ರಿಂಗ್ ತಕ್ಕಡಿ ಸಿಕ್ಕಿತು. ಪಾನಾದ ತುದಿಗೆ ತಕ್ಕಡಿಯ ಕೊಕ್ಕೆ ಹಾಕಿ ನೇರ ಕೋನದಲ್ಲಿ ಎಳೆದ್ರೆ ಆಯ್ತು. 40 ಸೆಂ.ಮೀ. ಪಾನಾ, 15 ಕೆಜಿ ಎಳೆತ, ಅಂದ್ರೆ 6 ಕೆಜಿ-ಮೀಟರ್. ನಿಮ್ಮ ಎಂಜಿನಿನ ನಂಬರಿಗೆ ಇದೇ ಥರ ಲೆಕ್ಕ ಮಾಡ್ಕೊಳ್ಳಿ. ನಡುವಿನ ಬೋಲ್ಟಿಂದ ಶುರು ಮಾಡಿ ಹೊರಗೆ, ಮೂರು ಸುತ್ತಿನಲ್ಲಿ. ಒಂದೇ ಏಟಿಗೆ ಪೂರ್ತಿ ಬಿಗಿಯಬಾರದು.

ಮುಗೀತು ಅಂದ್ಕೋಬೇಡಿ

ತಾಮ್ರ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ: ಒಂದು ಡಿಗ್ರಿಗೆ 10 ಲಕ್ಷದಲ್ಲಿ 17 ಭಾಗ, ಬೀಡು ಕಬ್ಬಿಣ 11 ಭಾಗ. ಎಂಜಿನ್ 80 ಡಿಗ್ರಿ ಬಿಸಿ ಏರಿದ್ರೆ, ಒಂದು ಬೋರಿನ ಅಗಲದಲ್ಲೇ ಸುಮಾರು 0.05 ಮಿ.ಮೀ. ವ್ಯತ್ಯಾಸ ಬರುತ್ತೆ. ಹೀಗೆ ಜಗ್ಗಾಡಿ ತಗಡು ಇನ್ನಷ್ಟು ಒತ್ತಿ ಕೂರುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಅದಕ್ಕೇ ಮೊದಲ ಸಲ ಬಿಸಿ ಮಾಡಿ ಪೂರ್ತಿ ತಣ್ಣಗಾದ ಮೇಲೆ ಒಮ್ಮೆ, ಹತ್ತು ಗಂಟೆ ಕೆಲಸ ಆದಮೇಲೆ ಇನ್ನೊಮ್ಮೆ ಬಿಗಿದ್ವಿ. ಒಂದೊಂದೇ ಬೋಲ್ಟ್ ಕಾಲು ಸುತ್ತು ಸಡಿಲಿಸಿ ಮತ್ತೆ ಅದೇ ಟಾರ್ಕಿಗೆ ತರಬೇಕು. ಬೋಲ್ಟ್ ಬಿಗಿದ ಮೇಲೆ ಟ್ಯಾಪೆಟ್ ಗ್ಯಾಪ್ ಬದಲಾಗುತ್ತೆ, ಅದನ್ನೂ ನೋಡಬೇಕು.

ಇನ್ನೊಂದು ವಿಷಯ ನೀರಿಂದು. ನಮ್ಮ ಡೋಣಿ ಸೀಮೆಯ ನೀರು ಸವಳು. ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ಸುರಿಯೋದು ರೂಢಿ. ತಾಮ್ರ, ಕಬ್ಬಿಣ, ನಡುವೆ ಉಪ್ಪು ನೀರು: ಇದು ಕೆಮಿಸ್ಟ್ರಿ ಲ್ಯಾಬಿನ ಗ್ಯಾಲ್ವಾನಿಕ್ ಸೆಲ್. ಸವೆಯೋದು ಕಬ್ಬಿಣ, ಅಂದ್ರೆ ನಮ್ಮ ಬ್ಲಾಕ್ ಮತ್ತು ಹೆಡ್. ಹಳೇ ಟ್ರ್ಯಾಕ್ಟರ್ ರೇಡಿಯೇಟರೇ ತಾಮ್ರ-ಹಿತ್ತಾಳೆದು, ಹಾಗಾಗಿ ಪ್ಯಾಕಿಂಗಿಂದ ಹೊಸ ಅಪಾಯ ಹುಟ್ಟಿಲ್ಲ. ಆದ್ರೆ ಪ್ಯಾಕಿಂಗ್ ಕೂರೋ ಜಾಗದ ಪಕ್ಕದಲ್ಲೇ ಕಬ್ಬಿಣ ತಿಂದು ಹೋದ್ರೆ ಮುಂದಿನ ಸಲ ಸೀಲ್ ಆಗೋ ಮುಖವೇ ಇರಲ್ಲ. ತುಕ್ಕು ತಡೆಯೋ ಕೂಲೆಂಟ್ ಹಾಕಿ. ಅದು ಆಗದಿದ್ರೆ ಮಳೆ ನೀರು ಹಿಡಿದು ಹಾಕಿ, ಸವಳು ನೀರಿಗಿಂತ ಎಷ್ಟೋ ಮೇಲು.

ಯಾವಾಗ ತಾಮ್ರ ಬೇಡ?

ನಿಮ್ಮ ಎಂಜಿನಿಗೆ ಸರಿಯಾದ ಹೊಸ ಪ್ಯಾಕಿಂಗ್ ಸಿಗ್ತಾ ಇದ್ರೆ ಅದನ್ನೇ ಹಾಕಿ. ಆಸ್ಬೆಸ್ಟಾಸ್ ಇಲ್ಲದ್ದು ಅಂತ ಕೇಳಿ ತಗೊಳ್ಳಿ. ಹೆಡ್ ಫೇಸ್ ಹೊಡೆಸೋಕೆ ಆಗದಿದ್ರೆ, ಮತ್ತೆ ಬಿಗಿಯೋಕೆ ಪುರುಸೊತ್ತಿಲ್ಲದಿದ್ರೆ ತಾಮ್ರ ಬೇಡ. ಸಾಮಾನು ಸಿಗದ ಹಳೇ ಗಾಡಿ, ನಿಧಾನ ಕೆಲಸ ಮಾಡೋ ಕೈ, ಎರಡೂ ಇದ್ರೆ ಮಾತ್ರ ತಾಮ್ರ.

ನಮ್ಮ ಟ್ರ್ಯಾಕ್ಟರ್ ಈಗ ಓಡ್ತಾ ಇದೆ. ಬಿತ್ತಿಗೆ ಆಯ್ತು, ಆದ್ರೆ ಮೇಲಿನ ಹೊಲಕ್ಕೆ ಎರಡು ದಿನ ತಡ ಆಯ್ತು, ಅಲ್ಲಿ ಜೋಳ ತೆಳ್ಳಗೆ ಎದ್ದಿದೆ ಅಂತ ಕಾಕಾ ಫೋನಲ್ಲಿ ಹೇಳಿದ. ಮುಂದಿನ ಮೂಲೆಯ ಒಂದು ನೀರಿನ ತೂತಿನ ಹತ್ರ ಇನ್ನೂ ಸ್ವಲ್ಪ ಜಿನುಗುತ್ತೆ. ಮುತ್ಯಾ ದಿನಾ ಬೆಳಿಗ್ಗೆ ಅಲ್ಲಿ ಬೆರಳಿಟ್ಟು ನೋಡ್ತಾನಂತೆ. ಮುಂದಿನ ರಜೆಗೆ ಹೋದಾಗ ಅದನ್ನ ಬಿಚ್ಚಬೇಕು. ಅದೇ ತಗಡು ಮತ್ತೆ ಕಾಸಿ, ಮತ್ತೆ ಹಾಕ್ತೀವಿ.

ನಿಮ್ಮೂರಲ್ಲೂ ಮರದ ಕೆಳಗೆ ಹಳೇ ಟ್ರ್ಯಾಕ್ಟರ್, ಬಾವಿ ಹತ್ರ ಹಳೇ ಡೀಸೆಲ್ ಪಂಪ್ ನಿಂತಿರಬಹುದು. ರಜೆಗೆ ಹೋದಾಗ ವರ್ನಿಯರ್ ತಗೊಂಡು ಹೋಗಿ. ಬೋರ್ ಅಳೀರಿ, ಲೆಕ್ಕ ಹಾಕಿ. ಮಿಸ್ತ್ರಿ ಏನಾದ್ರೂ ನಿಮ್ಮ ಪುಸ್ತಕಕ್ಕೆ ವಿರುದ್ಧ ಹೇಳಿದ್ರೆ, ಬೇಡ ಅನ್ನೋ ಮೊದಲು "ಯಾಕ್ರಿ?" ಅಂತ ಒಂದು ಸಲ ಕೇಳಿ. ನಾನು ಕೇಳಿದ್ರೆ ಆ ಎರಡು ದಿನ ಉಳೀತಿತ್ತು.